ಗದಗಿನ ಪುಣ್ಯಾಶ್ರಮ: ಅಂಧರಿಗೆ ವಿದ್ಯೆ, ವಿದ್ಯೆಯಿಂದ ವೃತ್ತಿ

ಪಂಡಿತ ಎಂ. ವೆಂಕಟೇಶ ಕುಮಾರರ ಕಂಠದಲ್ಲಿ ವಚನಗಳನ್ನು, ದಾಸರ ಪದಗಳನ್ನು ಕೇಳದ ಕನ್ನಡ ಕುಟುಂಬ ಹೊರನಾಡಿನಲ್ಲಿ ವಿರಳ. ಅವರು ಬಾಲ್ಯದಲ್ಲಿ ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ಬಳಿ. ಆ ಆಶ್ರಮವು ಸಂಗೀತಲೋಕಕ್ಕೆ ಮಹಾಗಾಯಕರನ್ನು ಕೊಟ್ಟಿತೆಂಬುದು ಸರ್ವವಿದಿತ. ಅದಕ್ಕಿಂತ ದೊಡ್ಡದೆಂದು ನನಗೆ ತೋರುವ ಕಾರ್ಯ ಬೇರೊಂದಿದೆ: ದೃಷ್ಟಿಯಿಲ್ಲದ ಬಡಮಕ್ಕಳಿಗೆ ಅನ್ನವನ್ನಿಕ್ಕಿ, ಆ ಅನ್ನವನ್ನು ಮುಂದೆ ತಾವೇ ದುಡಿದುಣ್ಣುವ ವಿದ್ಯೆಯನ್ನೂ ಅದು ಕಲಿಸಿತು.

ಇದರ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಮೊದಲ ಹೆಸರು ಗದಿಗೆಯ್ಯ. ಅವರೂ ಅವರ ಅಣ್ಣನೂ ಅಂಧರು. ಬಾಲಕರ ಹಾಡುಗಾರಿಕೆಯನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ಶಿಕ್ಷಣದ ಭಾರ ಹೊತ್ತರು. ಕುರುಡು ಮಗುವೆಂದರೆ ಮನೆಯ ಮೂಲೆ, ಇಲ್ಲವೇ ಭಿಕ್ಷೆ ಎಂದಿದ್ದ ಕಾಲವದು. ಸ್ವಾಮಿಗಳು ಕನಿಕರ ತೋರಿ ಸುಮ್ಮನಾಗಲಿಲ್ಲ, ಗುರುಗಳನ್ನು ಹುಡುಕಿಕೊಟ್ಟರು. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲೂ ಪರಿಣತರಾದ ಗವಾಯಿಗಳು ತಾವು ಪಡೆದುದನ್ನು ತಮ್ಮಂಥವರಿಗೆ ಹಂಚಲು ಹೊರಟರು.

ಮೊದಮೊದಲು ಅದು ಸಂಚಾರಿ ಪಾಠಶಾಲೆ. ಶಿಷ್ಯರನ್ನು ಕಟ್ಟಿಕೊಂಡು ಗುರುಗಳು ಊರೂರು ತಿರುಗುತ್ತಿದ್ದರು. ಮುಂದೆ ಗದಗಿನಲ್ಲಿ ನೆಲೆ ದೊರೆಯಿತು. ಆದರೆ ಅಷ್ಟು ಹೊಟ್ಟೆಗಳನ್ನು ತುಂಬಿಸುವುದು ಹೇಗೆ? ಗವಾಯಿಗಳು ಕಂಡುಕೊಂಡ ದಾರಿ ನಾಟಕ ಕಂಪನಿ. ಟಿಕೇಟಿನ ಹಣ ದಾಸೋಹಕ್ಕೆ; ಹಾರ್ಮೋನಿಯಂ, ತಬಲಾ ಕಲಿತವರಿಗೆ ಅಲ್ಲಿಯೇ ಕೆಲಸ. ಮಠದ ಶಿಸ್ತಿನ ಗುರುಗಳು ಬಣ್ಣದ ಬದುಕಿಗೆ ಕೈಹಾಕಿದರಲ್ಲಾ ಎಂದು ಇಂದಿಗೂ ಅಚ್ಚರಿಯೆನಿಸುತ್ತದೆ!

1944ರಲ್ಲಿ ಅವರು ಲಿಂಗೈಕ್ಯರಾದಾಗ ಹೊಣೆ ಮೂವತ್ತರ ಹರೆಯದ ಶಿಷ್ಯ ಪುಟ್ಟರಾಜರ ಹೆಗಲೇರಿತು. ಹಾವೇರಿಯ ದೇವಗಿರಿಯಲ್ಲಿ ಜನಿಸಿ, ಹಸುಳೆತನದಲ್ಲೇ ದೃಷ್ಟಿ ಕಳೆದುಕೊಂಡವರು ಅವರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗಿಳಿಸಿದರು. ಭಕ್ತರು ಊರೂರಲ್ಲಿ ನಡೆಸಿದ ತುಲಾಭಾರದ ನಾಣ್ಯಗಳು ಆಶ್ರಮದ ಮಕ್ಕಳ ಊಟವಾದವು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ಪುರಾಣ ಪ್ರವಚನಗಳಿಗೆ ತಬಲಾ ನುಡಿಸಿ ಸಂಸಾರ ಸಾಗಿಸಿದರು. ಅಂಗವಿಕಲರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 3ರ ಮೀಸಲಾತಿಯನ್ನು ವಿಧಿಸಿದ ಕೇಂದ್ರದ ಕಾಯ್ದೆ ಬಂದದ್ದು 1995ರಲ್ಲಿ. 2016ರ ಕಾಯ್ದೆ ಅದನ್ನು ಶೇಕಡಾ 4ಕ್ಕೇರಿಸಿತು.

ಒಂದು ಮಾತನ್ನು ಮರೆಮಾಚಬಾರದು. ಕುರುಡರೆಲ್ಲರಿಗೂ ಸ್ವರಜ್ಞಾನವಿರುವುದಿಲ್ಲ. ಗದಗು ತೆರೆದ ಬಾಗಿಲು ಮುಖ್ಯವಾಗಿ ಸಂಗೀತದ್ದು. ಲೆಕ್ಕಪತ್ರದಲ್ಲೋ ವಿಜ್ಞಾನದಲ್ಲೋ ಒಲವಿದ್ದ ಮಗುವಿಗೆ ಅದು ಸಾಲುತ್ತಿರಲಿಲ್ಲ. ಆದರೂ ಬೇರೆ ಬಾಗಿಲುಗಳು ಮುಚ್ಚಿದ್ದಾಗ ತೆರೆದದ್ದು ಅದು.

ಪುಟ್ಟರಾಜರಿಗೆ ಪದ್ಮಭೂಷಣ ಸಂದದ್ದು 2010ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು. ಪಾಠ ನಿಂತಿಲ್ಲ. ರಜೆಗೆ ಊರಿಗೆ ಹೋದವರು ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಬಹುದು. ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್ ದಾರಿ.