ನೋಂದಣಿ ರದ್ದತಿ: ಒಂದು ಪದದ ಚರಿತ್ರೆ

ಮದ್ರಾಸಿನ ಬಕಿಂಗ್‌ಹ್ಯಾಮ್ ಗಿರಣಿಯ 1920ರ ಸಂಘರ್ಷದಲ್ಲಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ಮೊದಲಾದವರ ವಿರುದ್ಧ ಹೈಕೋರ್ಟು ತಡೆಯಾಜ್ಞೆ ನೀಡಿತು. ಇಂಥ ದಾವೆಗಳಿಂದ ನೋಂದಾಯಿತ ಸಂಘಗಳಿಗೆ ರಕ್ಷಣೆ ಒದಗಿಸಿದುದು 1926ರ ಕಾರ್ಮಿಕ ಸಂಘಗಳ ಕಾಯಿದೆ. ಮಾಲೀಕರ ಕೂಟಗಳೂ ಅದರ ವ್ಯಾಖ್ಯೆಯೊಳಗಿದ್ದವು. ನೋಂದಣಿ ರದ್ದಾದರೆ ಆ ರಕ್ಷಣೆಯೂ ಇಲ್ಲವಾಗುತ್ತಿತ್ತು. ಆದುದರಿಂದಲೇ 10ನೆಯ ಕಲಮು ರದ್ದತಿಯ ಕಾರಣಗಳನ್ನು ಮಿತಿಗೊಳಿಸಿತು: ಸಂಘದ ಸ್ವಂತ ಕೋರಿಕೆ, ವಂಚನೆ ಅಥವಾ ತಪ್ಪಿನಿಂದ ಪಡೆದ ನೋಂದಣಿ, ಸಂಘದ ಅಳಿವು, ನೋಟೀಸಿನ ನಂತರವೂ ನಡೆದ ಉದ್ದೇಶಪೂರ್ವಕ ಉಲ್ಲಂಘನೆ. 2001ರ ತಿದ್ದುಪಡಿ ಸದಸ್ಯಬಲದ ಕೊರತೆಯನ್ನೂ ಸೇರಿಸಿತು. 2025ರ ನವೆಂಬರ್ 21ರಂದು ಜಾರಿಗೊಂಡ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 60 ದಿನಗಳ ನೋಟೀಸು ಉಂಟು, ‘ಉದ್ದೇಶಪೂರ್ವಕ’ವೆಂಬ ಪದವಿಲ್ಲ. ವಾರ್ಷಿಕ ಲೆಕ್ಕಪತ್ರ ಸಲ್ಲಿಸಲು ಮರೆತ ಸಣ್ಣ ಸಂಘವನ್ನೂ ಕಾನೂನನ್ನು ಬೇಕೆಂದೇ ಮುರಿದ ಸಂಘವನ್ನೂ ಬೇರ್ಪಡಿಸುತ್ತಿದ್ದುದು ಆ ಪದವೇ.