ಜ್ವರದ ಸೆಳವು ಮತ್ತು ಫೀನೊಬಾರ್ಬಿಟಾಲ್

ಜ್ವರ ಏರಿದ ಮಗು ಇದ್ದಕ್ಕಿದ್ದಂತೆ ಕಣ್ಣು ಮೇಲಕ್ಕೆ ಮಾಡಿ, ಕೈಕಾಲು ಸೆಟೆದುಕೊಂಡು ಅದುರಿದ್ದನ್ನು ನೋಡಿದ ತಂದೆತಾಯಿ ಆ ಎರಡು ನಿಮಿಷಗಳನ್ನು ಮರೆಯಲಾರರು. ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ನಮ್ಮ ಊರುಗಳಲ್ಲಿ ಕಂಡದ್ದೇ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಈ ಸೆಳವು ಬರುತ್ತದೆ. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳಿಗೆ ಅದು ಮರುಕಳಿಸುತ್ತದೆ. ಹಾಗೆ ಮರುಕಳಿಸುತ್ತಾ ಹೋದರೆ ಅದೇ ಮೂರ್ಛೆರೋಗವಾಗಿ ನಿಲ್ಲುತ್ತದೆಂಬ ಭಯ ವೈದ್ಯರಲ್ಲೂ ಬಹುಕಾಲ ಇತ್ತು.

ಕೈಯಲ್ಲಿ ಮದ್ದೂ ಇತ್ತು. 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ಲ್ಯೂಮಿನಲ್ ಎಂಬ ಹೆಸರಿನಲ್ಲಿ ಫೀನೊಬಾರ್ಬಿಟಾಲನ್ನು ನಿದ್ರೆಯ ಔಷಧಿಯಾಗಿ ಮಾರಾಟಕ್ಕೆ ತಂದಿತು. ಅದೇ ವರ್ಷ ಫ್ರೈಬರ್ಗ್‌ನ ತರುಣ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್, ಇದನ್ನು ಸೇವಿಸಿದ ಮೂರ್ಛೆರೋಗಿಗಳಲ್ಲಿ ಸೆಳವು ಕಡಿಮೆಯಾದುದನ್ನು ಗುರುತಿಸಿದ. ಮುಂದೆ ಅಗ್ಗದ ಈ ಔಷಧಿಯನ್ನು ಜ್ವರದ ಸೆಳವು ಬಂದ ಮಕ್ಕಳಿಗೂ ವರ್ಷಗಟ್ಟಲೆ ದಿನವೂ ಕೊಡುವುದು ವಾಡಿಕೆಯಾಯಿತು.

ಜ್ವರ ಬಂದಾಗ ಮಾತ್ರ ಕೊಟ್ಟರೆ ಸಾಲದೆ? ಸಾಲದು. ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ಅರ್ಧಾಯುವಿನ ಲೆಕ್ಕ ಬರುತ್ತದೆ. ಮಕ್ಕಳ ರಕ್ತದಲ್ಲಿ ಫೀನೊಬಾರ್ಬಿಟಾಲಿನ ಅರ್ಧಾಯು ಸುಮಾರು ಎರಡು ಮೂರು ದಿನ. ದಿನನಿತ್ಯದ ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಮಟ್ಟ ಸ್ಥಿರವಾಗಲು ನಾಲ್ಕೈದು ಅರ್ಧಾಯು, ಎಂದರೆ ಒಂದೆರಡು ವಾರ ಬೇಕು. ಜ್ವರ ಅಷ್ಟು ದಿನ ಕಾಯುವುದಿಲ್ಲ; ಸೆಳವಂತೂ ಬಹುಮಟ್ಟಿಗೆ ಮೊದಲ ದಿನವೇ ಬರುತ್ತದೆ. ದಿನವೂ ಕೊಟ್ಟರೆ ಮರುಕಳಿಕೆ ತಗ್ಗುತ್ತದೆ, ಜ್ವರ ಬಂದಾಗ ಮಾತ್ರ ಕೊಟ್ಟರೆ ತಗ್ಗುವುದಿಲ್ಲ ಎಂದು 1977ರ ಅಮೆರಿಕದ ಅಧ್ಯಯನವೊಂದು ತೋರಿಸಿತು ಕೂಡ.

ಆದರೆ ಮೂಲದ ಭಯಕ್ಕೆ ಆಧಾರವಿತ್ತೆ? ಅಮೆರಿಕದ ಕ್ಯಾರಿನ್ ನೆಲ್ಸನ್ ಮತ್ತು ಜೋನಸ್ ಎಲೆನ್‌ಬರ್ಗ್ ಹುಟ್ಟಿನಿಂದ ಏಳು ವರ್ಷದವರೆಗೆ ಗಮನಿಸಲಾದ ಸುಮಾರು 54,000 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 1976ರಲ್ಲಿ ಉತ್ತರ ಕೊಟ್ಟರು. ಜ್ವರದ ಸೆಳವು ಬಂದ 1,706 ಮಕ್ಕಳಲ್ಲಿ ಏಳು ವರ್ಷದೊಳಗೆ ಮೂರ್ಛೆರೋಗ ಕಂಡದ್ದು ಸಾವಿರಕ್ಕೆ 20 ಮಂದಿಯಲ್ಲಿ. ನರಮಂಡಲ ಮೊದಲಿನಿಂದಲೂ ಸರಿಯಿದ್ದು, ಸೆಳವೂ ಸರಳವಾಗಿದ್ದವರಲ್ಲಿ ಇದು ಸಾವಿರಕ್ಕೆ 11. ಜ್ವರದ ಸೆಳವೇ ಬಾರದವರಲ್ಲಿ 5. ನರಮಂಡಲದ ದೋಷ ಮೊದಲೇ ಇದ್ದು ಸೆಳವೂ ಜಟಿಲವಾಗಿದ್ದವರಲ್ಲಿ ಮಾತ್ರ 92. ಹಾಗಾದರೆ ಆಸ್ಪತ್ರೆಗಳ ಹಳೆಯ ವರದಿಗಳು ಅಷ್ಟು ಭೀಕರವಾಗಿದ್ದುದೇಕೆ? ದೊಡ್ಡ ಆಸ್ಪತ್ರೆಗೆ ಬರುತ್ತಿದ್ದವರು ಹೆಚ್ಚಾಗಿ ಕಠಿಣ ಸ್ಥಿತಿಯ ಮಕ್ಕಳೇ. ಅಂಥ ವರದಿಗಳಲ್ಲಿ ಮೂರ್ಛೆರೋಗದ ಪ್ರಮಾಣ ಶೇಕಡ 2.6ರಿಂದ 76.9ರವರೆಗೆ ಹರಡಿತ್ತು. ಇಡೀ ಜನಸಮುದಾಯವನ್ನು ನೋಡಿದ ಅಧ್ಯಯನಗಳಲ್ಲಿ ಅದು 1.5ರಿಂದ 4.6. ನಮೂನೆಯ ಆಯ್ಕೆಯಲ್ಲಿನ ದೋಷಕ್ಕೆ ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮದ್ದಿನ ಬೆಲೆ ಎಷ್ಟೆಂಬುದು ತಿಳಿದದ್ದು 1990ರಲ್ಲಿ. ಜಾಕ್ವೆಲಿನ್ ಫಾರ್ವೆಲ್ ಮತ್ತು ಸಂಗಡಿಗರು 8ರಿಂದ 36 ತಿಂಗಳ 217 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದಕ್ಕೆ ಫೀನೊಬಾರ್ಬಿಟಾಲ್, ಇನ್ನೊಂದಕ್ಕೆ ಹುಸಿಮದ್ದು ನಿಗದಿ ಮಾಡಿದ್ದರು. ಎರಡು ವರ್ಷದ ನಂತರ ಔಷಧಿಯ ಗುಂಪಿನ ಸರಾಸರಿ ಐ.ಕ್ಯು. 8.4 ಅಂಕ ಕಡಿಮೆಯಿತ್ತು. ಔಷಧಿ ನಿಲ್ಲಿಸಿ ಆರು ತಿಂಗಳಾದರೂ 5.2 ಅಂಕದ ಅಂತರ ಉಳಿದಿತ್ತು, ಆದರೆ ಈ ಎರಡನೆಯ ಅಂತರ ಸಂಖ್ಯಾಶಾಸ್ತ್ರದ ಗಡಿಯಲ್ಲಿತ್ತು. ಸೆಳವಿನ ಮರುಕಳಿಕೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಅದೇ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಔಷಧಿಯ ಗುಂಪು ಓದಿನಲ್ಲಿ ಹಿಂದುಳಿದಿತ್ತೆಂದು 1999ರ ವರದಿ ಹೇಳಿತು. ಆಟಿಕೆ ಹಿಡಿಯುವ ವಯಸ್ಸಿನಲ್ಲಿ, ತಾನಾಗಿ ಹೋಗುವ ತೊಂದರೆಗೆಂದು ಕೊಟ್ಟ ಮದ್ದು ಇದು!

ಬೇಗ ಕೆಲಸಮಾಡುವ ಡಯಜೆಪಾಮನ್ನು ಜ್ವರವಿದ್ದಾಗ ಮಾತ್ರ ಬಾಯಿಯ ಮೂಲಕ ಕೊಟ್ಟ 1993ರ ಪ್ರಯೋಗದಲ್ಲಿ ಮರುಕಳಿಕೆ ಶೇಕಡ 44ರಷ್ಟು ತಗ್ಗಿತು. ಆದರೆ ಮಂಪರು, ತೂರಾಟ, ಸಿಡುಕು ಅನೇಕ ಮಕ್ಕಳಲ್ಲಿ ಕಂಡವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1999ರಲ್ಲಿ, ಮತ್ತೆ 2008ರಲ್ಲಿ, ಸರಳ ಜ್ವರದ ಸೆಳವಿಗೆ ತಡೆಮದ್ದು ಬೇಡವೆಂದಿತು. ದೀರ್ಘಕಾಲದ ಸೆಳವು ಬೇರೆ ಮಾತು: ಐದು ನಿಮಿಷ ಮೀರಿದರೆ ಅದನ್ನು ನಿಲ್ಲಿಸುವ ಔಷಧಿ ಕೊಡಬೇಕು, ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಜ್ವರ ಇಳಿಸುವ ಪ್ಯಾರಸಿಟಮಾಲ್. ಮುಂದಿನ ಜ್ವರಗಳಲ್ಲಿ ಸೆಳವು ಬರುವುದನ್ನು ಅದು ತಡೆಯುವುದಿಲ್ಲವೆಂದು 2009ರಲ್ಲಿ ಫಿನ್ಲೆಂಡಿನ ಪ್ರಯೋಗ ತೋರಿಸಿತು. ಆದರೆ 2018ರ ಜಪಾನಿನ ಪ್ರಯೋಗದಲ್ಲಿ, ಒಂದೇ ಜ್ವರದ ಅವಧಿಯಲ್ಲಿ ಎರಡನೆಯ ಸೆಳವು ಬರುವುದು ಅದರಿಂದ ಶೇಕಡ 23.5ರಿಂದ 9.1ಕ್ಕೆ ಇಳಿಯಿತು.