ಗುಂಡಿ ತೋಡೋ ಮುಂಚೆ ಮಣ್ಣನ್ನ ಕೇಳಿ

(1/4)
ಮೊದಲ ಫೋಟೋ ನಮ್ಮ ಅಜ್ಜಿ ಮನೆ ಹಿತ್ತಲಿನ ಬಾವಿ. ಬಲಗಡೆ ಕೆಂಪು ಮಣ್ಣಿನ ರಾಶಿ ಕಾಣ್ತಿದೆಯಲ್ಲ, ಅಲ್ಲಿ ಹೊಸ ಶೌಚಾಲಯಕ್ಕೆ ಗುಂಡಿ ಶುರುವಾಗಿದೆ. ಬಾವಿಯಿಂದ ಬರೀ ಹನ್ನೆರಡು ಹೆಜ್ಜೆ. ಮೇಸ್ತ್ರಿ ಒಂದು ಕೊಡ ನೀರು ಸುರಿದು, "ಹೆಂಗೆ ಇಂಗ್ತು ನೋಡಿ ಅಮ್ಮಾ, ಒಳ್ಳೆ ಮಣ್ಣು" ಅಂದರು. ಎಲ್ಲರಿಗೂ ಸಮಾಧಾನ ಆಯ್ತು. ನನಗೆ ಮಾತ್ರ ಒಂದು ಪ್ರಶ್ನೆ ಉಳೀತು: ಇಂಗಿದ ನೀರು ಹೋಗಿದ್ದೆಲ್ಲಿಗೆ?

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಬೀದಿಯ ಪಂಪಿನ ನೀರೇ ಕಾರಣ ಅಂತ ಡಾ. ಜಾನ್ ಸ್ನೋ ಹೇಳಿದ್ದು ಅನೇಕರಿಗೆ ಗೊತ್ತು. ಆದರೆ ಆ ನೀರಿಗೆ ರೋಗ ಬಂದಿದ್ದು ಹೇಗೆ? ಅದನ್ನ ಪತ್ತೆ ಮಾಡೋಕೆ ನೆರವಾದವರು ಹೆನ್ರಿ ವೈಟ್‌ಹೆಡ್ ಅನ್ನೋ ಅಲ್ಲಿನ ಪಾದ್ರಿ. 40ನೇ ನಂಬರ್ ಮನೆಯಲ್ಲಿ ಒಂದು ಕೂಸಿಗೆ ಭೇದಿಯಾಗಿತ್ತು. ಬಟ್ಟೆ ನೆನೆಸಿದ ನೀರನ್ನ ತಾಯಿ ಮನೆ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. 1855ರಲ್ಲಿ ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಗೋಡೆ ಹಾಳಾಗಿತ್ತು. ಗುಂಡಿಗೂ ಬಾವಿಗೂ ಮಧ್ಯೆ ಇದ್ದಿದ್ದು 3 ಅಡಿಗೂ ಕಡಿಮೆ ಮಣ್ಣು.

(2/4)
'ಸೆಪ್ಟಿಕ್ ಟ್ಯಾಂಕ್' ಅನ್ನೋ ಹೆಸರು ಬಳಕೆಗೆ ತಂದವರು ಇಂಗ್ಲೆಂಡಿನ ಎಕ್ಸೆಟರ್ ಊರಿನ ಡೊನಾಲ್ಡ್ ಕ್ಯಾಮರಾನ್, 1895ರ ಹೊತ್ತಿಗೆ. ಇಲ್ಲಿ ಒಂದು ವಿಷಯ ಗಮನಿಸಿ. ಟ್ಯಾಂಕ್ ಕೊಳೆನ ಪೂರ್ತಿ ಶುದ್ಧ ಮಾಡಲ್ಲ. ಗಟ್ಟಿ ಭಾಗ ತಳಕ್ಕೆ ಕೂರುತ್ತೆ, ಸ್ವಲ್ಪ ಕರಗುತ್ತೆ, ಅಷ್ಟೇ. ಹೊರಗೆ ಬರೋ ನೀರಿನಲ್ಲಿ ರೋಗಾಣು ಇದ್ದೇ ಇರುತ್ತೆ. ಸೋಸುವ ಕೆಲಸ ಮಾಡೋದು ಮಣ್ಣು. ಹಾಗಾಗಿ ಟ್ಯಾಂಕ್ ಎಷ್ಟು ದೊಡ್ಡದು ಅನ್ನೋದಕ್ಕಿಂತ, ಮಣ್ಣು ಎಂಥದ್ದು ಅನ್ನೋದು ಮುಖ್ಯ.

ಅದನ್ನ ಅಳೆಯೋಕೆ ಹೊರಟವರು ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಹೆನ್ರಿ ರಯಾನ್, 1920ರ ದಶಕದಲ್ಲಿ. ಉಪಾಯ ತುಂಬಾ ಸರಳ. ಒಂದಡಿ ಅಗಲದ ಗುಂಡಿ ತೋಡು, ನೀರು ತುಂಬು, ಒಂದಿಂಚು ಇಳಿಯೋಕೆ ಎಷ್ಟು ನಿಮಿಷ ಬೇಕು ಅಂತ ಗಡಿಯಾರ ನೋಡು. ಬೇಗ ಇಳಿದರೆ ಚಿಕ್ಕ ಜಾಗ ಸಾಕು, ನಿಧಾನ ಆದರೆ ದೊಡ್ಡ ಜಾಗ ಬೇಕು. ಇದೇ ಮುಂದೆ 'ಪರ್ಕೋಲೇಶನ್ ಟೆಸ್ಟ್' ಆಗಿ ಎಲ್ಲ ಕಡೆ ಹರಡಿತು. ನಮ್ಮ ಮೇಸ್ತ್ರಿ ಸುರಿದ ಕೊಡ ನೀರು ಅದರದ್ದೇ ದೂರದ ನೆಂಟ!

(3/4)
ತೊಂದರೆ ಗೊತ್ತಾಗಿದ್ದು ಎರಡನೇ ಮಹಾಯುದ್ಧದ ನಂತರ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಸಾವಿರಾರು ಹೊಸ ಮನೆಗಳೆದ್ದವು, ಮನೆಮನೆಗೂ ಇಂಗುಗುಂಡಿ. ಅಲ್ಲಿನದು ಮರಳು ನೆಲ, ನೀರು ಸರಸರ ಇಳಿಯುತ್ತೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ಆದರೆ ಕುಡಿಯೋ ನೀರು ಬರ್ತಿದ್ದಿದ್ದೂ ಅದೇ ನೆಲದ ಕೆಳಗಿಂದ. ಸ್ವಲ್ಪ ವರ್ಷಕ್ಕೆ ನಲ್ಲಿ ತಿರುಗಿಸಿದರೆ ಲೋಟದಲ್ಲಿ ನೊರೆ! ಬಟ್ಟೆ ಒಗೆದ ಡಿಟರ್ಜೆಂಟ್ ಗುಂಡಿಯಿಂದ ಇಳಿದು ವಾಪಸ್ ಲೋಟಕ್ಕೆ ಬಂದಿತ್ತು. ನೊರೆ ಕಣ್ಣಿಗೆ ಕಂಡಿತು. ರೋಗಾಣು ಆಗಿದ್ದರೆ ಕಾಣ್ತಿರಲಿಲ್ಲ.

ಪರೀಕ್ಷೆ ಸುಳ್ಳಲ್ಲ, ಅದು ಕೇಳಿದ್ದು ಅರ್ಧ ಪ್ರಶ್ನೆ. "ಇಂಗುತ್ತಾ?" ಅಂತ ಕೇಳಿತು, "ಸೋಸಿ ಇಂಗುತ್ತಾ?" ಅಂತ ಕೇಳಲಿಲ್ಲ. ಇನ್ನೊಂದು ಕೊರತೆ ಕಾಲದ್ದು. ನಮ್ಮ ಉತ್ತರ ಕರ್ನಾಟಕದ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತೆ, ಆಗ ಸುರಿದ ನೀರು ಮಾಯ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ ಹನಿಯನ್ನೂ ಬಿಡಲ್ಲ. ಅದಕ್ಕೇ ರಾತ್ರಿಯಿಡೀ ಗುಂಡಿ ನೆನೆಸಿ ಮರುದಿನ ಅಳೆಯೋ ಕ್ರಮ ಬಂತು. ನಮ್ಮ ದೇಶದ ಮಾನದಂಡ ಐಎಸ್ 2470ರಲ್ಲೂ ಹೀಗೇ ಇದೆ. 25 ಮಿ.ಮೀ. ಇಳಿಯೋಕೆ 60 ನಿಮಿಷ ಮೀರಿದರೆ ಆ ನೆಲಕ್ಕೆ ಇಂಗಿಸೋ ಪದ್ಧತಿ ಒಗ್ಗಲ್ಲ.

ಆಮೇಲೆ ಮಣ್ಣಿನ ಬಣ್ಣ ಓದೋದನ್ನೂ ಕಲಿತರು. ಕೆಂಪು, ಕಂದು ಮಣ್ಣು ಅಂದ್ರೆ ಗಾಳಿಯಾಡುತ್ತೆ. ಒಳಗೆ ಬೂದು ಬಣ್ಣದ ಕಲೆಗಳಿದ್ದರೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ನೀರು ನಿಲ್ಲುತ್ತೆ ಅಂತ ಅರ್ಥ. ಏಪ್ರಿಲ್‌ನಲ್ಲಿ ಅಗೆದರೂ ಮಣ್ಣು ಜುಲೈ ಕಥೆ ಹೇಳುತ್ತೆ.

(4/4)
ಈಗ ಅಜ್ಜಿ ಮನೆಗೆ ಬರೋಣ. ಎರಡು ಗುಂಡಿ ಶೌಚಾಲಯಕ್ಕೆ ನಮ್ಮಲ್ಲಿರೋ ಮಾರ್ಗಸೂಚಿ ಇಷ್ಟು: ಮಣ್ಣು ನುಣ್ಣಗಿದ್ದು, ಗುಂಡಿಯ ತಳ ಮಳೆಗಾಲದ ಅಂತರ್ಜಲಕ್ಕಿಂತ ಕನಿಷ್ಠ 2 ಮೀಟರ್ ಮೇಲಿದ್ದರೆ ಬಾವಿಗೆ 3 ಮೀಟರ್ ಅಂತರವೂ ನಡೆಯುತ್ತೆ. ತಳಕ್ಕೂ ನೀರಿಗೂ ಅಷ್ಟು ಅಂತರ ಇಲ್ಲದಿದ್ದರೆ ಕನಿಷ್ಠ 10 ಮೀಟರ್ ದೂರ ಬೇಕು. ಮಣ್ಣು ದಪ್ಪ ಮರಳಿನಂತಿದ್ದರೆ ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ಸಣ್ಣ ಮರಳು ತುಂಬಬೇಕು.

ನಮ್ಮದು ಜಂಬಿಟ್ಟಿಗೆ ನೆಲ, ತೂತುತೂತು. ನೀರು ಬೇಗ ಹೋಗಿದ್ದು ಮಣ್ಣು ಒಳ್ಳೇದು ಅಂತಲ್ಲ, ದಾರಿ ಸಲೀಸಾಗಿದೆ ಅಂತ. ಟೇಪ್ ಹಿಡಿದರೆ 9 ಮೀಟರ್ ಕೂಡ ಇಲ್ಲ. ಅಜ್ಜಿ ಹತ್ರ ಕೇಳಿದೆ, "ಮಳೆಗಾಲದಲ್ಲಿ ಬಾವಿ ನೀರು ಎಲ್ಲಿವರೆಗೆ ಬರುತ್ತೆ?" ಅಜ್ಜಿ ನಕ್ಕು, "ಆಟಿಲಿ ಹಗ್ಗನೇ ಬ್ಯಾಡ ಮಗಾ, ಬಗ್ಗಿದ್ರೆ ಕೈಗೆ ಸಿಗತ್ತೆ" ಅಂದಳು. ಅಂದ್ರೆ ಆರಡಿ ಗುಂಡಿ ಆಗ ನೀರೊಳಗೇ ಮುಳುಗಿರುತ್ತೆ. ನಾನು ಇಷ್ಟೆಲ್ಲ ಓದಿ ಹುಡುಕಿದ ಉತ್ತರ ಅವಳಿಗೆ ಅರವತ್ತು ವರ್ಷದಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಮೇಸ್ತ್ರಿ ಜೊತೆ ಕೂತು ಮಾತಾಡಿದ್ವಿ. ಈ ಗುಂಡಿ ಮುಚ್ಚಿ, ಬಾವಿಗಿಂತ ಇಳಿಜಾರಿನ ಕೆಳಗೆ, ದೂರದಲ್ಲಿ, ಆಳ ಕಡಿಮೆ ಮಾಡಿ ತೋಡೋದು ಅಂತಾಯ್ತು. ಪೈಪಿನ ಖರ್ಚು ಜಾಸ್ತಿ. ಬಿಕಾಂ ಓದೋನಾಗಿ ಲೆಕ್ಕ ಹಾಕಿದೆ, ಬಾವಿ ಹಾಳಾದರೆ ಆಗೋ ಖರ್ಚಿನ ಮುಂದೆ ಅದು ಏನೂ ಅಲ್ಲ.

ನಿಮ್ಮ ಊರಲ್ಲಿ ಬಾವಿಗೂ ಗುಂಡಿಗೂ ಎಷ್ಟು ಹೆಜ್ಜೆ? ಎಣಿಸಿ ಕಾಮೆಂಟ್ ಮಾಡಿ. ಮನೆ ಕಟ್ಟಿಸ್ತಿರೋರಿಗೆ ಇದನ್ನ ಕಳಿಸಿ.

#ಮಣ್ಣಿನಕಥೆ #ಬಾವಿ #ಇತಿಹಾಸ #ಕನ್ನಡ